ಮಗನ್ನ ಕಂಪನಿಗಿ ಕಳಸೂಕಿಂತ ಮದಲ

ಗೆಳೆಯಾ,

ಪತ್ರ ಮುಟ್ಟಿತು. ಮಗ ನಾಟಕ ಕಂಪನಿ ಸೇರತೀನಿ, ಅದೂ ಹಾಸ್ಯಪಾತ್ರಕ್ಕ, ಅಂತ ಹಟಾ ಹಿಡದಾನಂತ ಬರದೀ. ಬ್ಯಾಡ ಅನ್ನಂಗಿಲ್ಲ ನಾ. ಶಾಂತಕವಿಗಳು ಕೃತಪುರ ನಾಟಕ ಮಂಡಳಿ ಕಟ್ಟಿದ, ಗರುಡ ಸದಾಶಿವರಾಯರು ಕಂಪನಿ ನಡೆಸಿದ ಗದಗಿನ್ಯಾಗ ಕುಂತು ಹಂಗ ಅನ್ನಾಕ ಬಾಯಿ ಬರಂಗಿಲ್ಲ. ಆದ್ರ ಈ ಕಸಬಿನ ಲೆಕ್ಕ ಅವಗ ತಿಳದಿರಲಿ.

ಹಾಸ್ಯಗಾರಗ ಬಾಯಿ ಜೋರಿದ್ರ ಸಾಕು ಅಂತಾರ ಮಂದಿ. ಬಾಯಿ ಎಲ್ಲಾರಿಗೂ ಇರತೈತಿ. ತಡಿಯೂದು ಬರಬೇಕು. ‘ನಮ್ಮ ಮಾವ ಭಾಳ ದೊಡ್ಡ ಮನಿಶ್ಯಾ’ ಅಂತ ಹೇಳಿ ಸುಮ್ಮನಾಗಬೇಕು. ಎದುರಿನವ ‘ಹೌದೇನ್ರಿ?’ ಅನ್ನಬೇಕು. ಆಮ್ಯಾಲ, ‘ಬಾಗಲಾಗ ಹಿಡಸಂಗಿಲ್ಲ.’ ಇದನ್ನ ‘ಬಾಗಲಾಗ ಹಿಡಸದಷ್ಟು ದೊಡ್ಡ ಮನಿಶ್ಯಾ ನಮ್ಮ ಮಾವ’ ಅಂದು ನೋಡು, ಒಂದು ಹಲ್ಲೂ ಕಾಣಂಗಿಲ್ಲ. ನಗಸೂ ಪದ ಕಡೀಕ ಬರಬೇಕು. ತೊಡಕು ಏನಂದ್ರ, ಉಸಿರು ಮುಗಿಯೂದೂ ಅಲ್ಲೇ. ಹೊಸಬರ ದನಿ ಮಾತಿನ ಬಾಲದಾಗ ಬಿದ್ದಬಿಡತೈತಿ, ‘ಹಿಡಸಂಗಿಲ್ಲ’ ಹಿಂದಿನ ಕುರ್ಚಿಗಿ ಮುಟ್ಟಂಗೇ ಇಲ್ಲ. ಅದಕ್ಕ ‘ಬಾಗಲಾಗ’ ಅನ್ನೂಕಿಂತ ಮದಲ ಉಸಿರು ತುಂಬ್ಕೋಬೇಕು. ಮೈಕು ಮ್ಯಾಲಿಂದ ತೂಗತಿರತಾವು, ಎದುರಿನವನ ಕಡೆ ಪೂರಾ ಹೊಳ್ಳಿ ಮಾತಾಡಿದ್ರ ದನಿ ಪಡದೀಗಿ ಹೋಗತೈತಿ. ಎದಿ ಮಂದಿ ಕಡೆ, ಕುತಗಿ ಅಷ್ಟ ಎದುರಿನವನ ಕಡೆ.

ನಗಿ ಬಂತು ಅನ್ನು. ಈಗ ಖರೇ ಪರೀಕ್ಷಾ. ಮುಂದ ಚಾಪಿ ಮ್ಯಾಲ ಕುಂತವರು ಮದಲ ನಗತಾರ, ಹಿಂದಿನವರು ಒಂದು ಕ್ಷಣ ತಡದು. ಮುಂದಿನವರ ನಗಿ ಕೇಳಿ ಗಡಬಡಿಸಿ ಮುಂದಿನ ಮಾತು ಹೇಳಿದ್ರ ಹಿಂದಿನವರು ಅದನ್ನ ಕೇಳಾಕ ತಮ್ಮ ನಗಿ ನುಂಗತಾರ, ಮತ್ತ ಆ ರಾತ್ರಿ ಬಾಯಿ ಬಿಚ್ಚಿ ನಗಂಗಿಲ್ಲ. ನಗಿ ಪೂರಾ ಆರೂತನಕ ನಿಂತರೂ ಸೀನು ತಣ್ಣಗಾಗತೈತಿ. ಏರಿದ ನಗಿ ಅರ್ಧಕ್ಕಿಂತ ಕೆಳಗ ಇಳದಾಗ ಮಾತು ಎತ್ತಬೇಕು. ಇದು ಗಡಿಯಾರದಾಗ ಸಿಗಂಗಿಲ್ಲ, ಕಿವಿಯಿಂದ ಬರಬೇಕು. ಮಳಿ ಬಂದು ಥೇಟರಿನ ಮ್ಯಾಲಿನ ತಗಡು ಸದ್ದು ಮಾಡಾಕ ಹತ್ತಿತು ಅಂದ್ರ ಮಾತಿನ ಹಾಸ್ಯ ಬಿಟ್ಟು ಕೈಕಾಲಿನ ಹಾಸ್ಯಕ್ಕ ಇಳೀಬೇಕು.

ಪುಸ್ತಕದಾಗ ಇಲ್ಲದ ಮಾತು ಸೇರಸೂದು ಎಲ್ಲಾ ಹಾಸ್ಯಗಾರರ ಚಟಾ. ನಾಕು ಸೀನಿನ್ಯಾಗ ಐದೈದು ನಿಮಿಷ ಎಳದ್ರ ಇಪ್ಪತ್ತು ನಿಮಿಷ. ಜಾತ್ರಿಯಾಗ ದಿನಾ ಎರಡಾಟ, ಎರಡನೇ ಆಟದ ಮಂದಿ ಗೇಟಿನಾಗ ನಿಂತು ಬೈತಿರತಾರ. ದ್ವಂದ್ವಾರ್ಥದ್ದೂ ಇದ ಕತಿ: ಅವತ್ತಿನ ರಾತ್ರಿ ಶಿಳ್ಳಿ ಬೀಳತಾವು ಖರೆ, ಮರುದಿನ ಹೆಣಮಕ್ಕಳ ಸಾಲು ಖಾಲಿ. ಅವರು ಬರದಿದ್ರ ಮಕ್ಕಳೂ ಇಲ್ಲ, ಮುದುಕರೂ ಇಲ್ಲ. ಆ ಊರಾಗ ಹಾಕಿದ ಕ್ಯಾಂಪು ಲಗೂನ ಎತ್ತಬೇಕಾಗತೈತಿ. ನೀತಿ ಹೇಳಾಕ ಹೊಂಟಿಲ್ಲಪಾ, ಗಲ್ಲಾದ ಲೆಕ್ಕ ಹೇಳಾಕತ್ತೀನಿ.

ಇನ್ನ ಬೀಳೂ ಹಾಸ್ಯ. ಆಟಕ್ಕಿಂತ ಮದಲ ಬರಿಗಾಲಿನಿಂದ ಹಲಗಿ ತುಳದು ನೋಡಬೇಕು, ಎದ್ದ ಮೊಳಿ, ಸಂದು ಕಾಲಿಗಿ ಗೊತ್ತಾಗತಾವು. ಬೀಳೂವಾಗ ಮೊಣಕಾಲು ಮಡಚಿ, ತೊಡಿ ಹಚ್ಚಿ, ಆಮ್ಯಾಲ ಬೆನ್ನು. ಸದ್ದು ಬರೂದು ಅಂಗೈಯಿಂದ ಹಲಗಿ ಬಡದಾಗ, ಮೈಯಿಂದಲ್ಲ. ಮೊಣಕೈ ಊರಿದ್ರ ಎಲಬು ಹೋತು. ಐವತ್ತು ದಾಟಿದ ಮ್ಯಾಲ ಎದುರಿನವನ್ನ ಬೀಳಿಸಿ ತಾನು ನಿಂತು ನೋಡೂದು ಶಾಣ್ಯಾತನ.

ಹುಡುಗರು ಗಂಟಲಾ ಕೆಡಿಸಿಕೊಳ್ಳೂದು ಒದರಿ ಅಂತ ತಿಳದೀ ಏನು? ಊಟದಿಂದನೂ ಕೆಡತೈತಿ. ಆಟ ಮುಗದ ಮ್ಯಾಲ ನಡುರಾತ್ರಿ ಮಿರ್ಚಿ ಭಜಿ, ಖಾರದ ಸಾರು ಹೊಡದು ಹಂಗ ಅಡ್ಡಾದ್ರ ಹೊಟ್ಟಿ ಹುಳಿ ಗಂಟಲಿಗಿ ಏರತೈತಿ, ಮುಂಜಾನೆ ದನಿ ಕಟ್ಟಿರತೈತಿ. ಆಟಕ್ಕಿಂತ ಮದಲ ಹೊಟ್ಟಿತುಂಬ, ಆಮ್ಯಾಲ ಹಗುರಾಗಿ ಮಜ್ಜಗಿ ಅನ್ನ. ಕಟ್ಟಿದ ದನೀಲೆ ಪಿಸುಗುಡೂದೂ ಬ್ಯಾಡ, ಸುಮ್ಮನಿರಬೇಕು. ಮೂರು ವಾರ ಆದ್ರೂ ತಿಳಿಯಾಗದಿದ್ರ ಹುಬ್ಬಳ್ಳಿಗಿ ಹೋಗಿ ಗಂಟಲ ಡಾಕ್ಟರಗ ತೋರಿಸಬೇಕು.

ಎದೀದೂ ನೆಪ್ಪಿರಲಿ. 2025ರ ಸೆಪ್ಟೆಂಬರ್ 29ಕ್ಕ ಹಾಸ್ಯ ನಾಟಕದ ನಟ ಯಶವಂತ ಸರದೇಶಪಾಂಡೆ, ಅಕ್ಟೋಬರ್ 13ಕ್ಕ ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದ ರಾಜು ತಾಳಿಕೋಟಿ. ಹದಿನೈದು ದಿನದಾಗ ಇಬ್ಬರನ್ನೂ ಹೃದಯಾಘಾತ ಒಯ್ತು. ರಾತ್ರಿ ನಿದ್ದಿಲ್ಲ, ಹೊತ್ತಿಗಿ ಊಟಿಲ್ಲ, ಬಿ.ಪಿ. ನೋಡಸಾಕ ಪುರಸೊತ್ತಿಲ್ಲ ಅನ್ನೂದು ಕಂಪನಿ ಮಂದಿಗಿ ರೂಢಿ ಆಗೇತಿ. ಕ್ಯಾಂಪು ಬದಲಾದಾಗೊಮ್ಮೆ ಬಿ.ಪಿ., ಸಕ್ಕರಿ ನೋಡಸೂದು ಇವ ಈಗಿಂದನ ರೂಢಿ ಮಾಡ್ಕೊಳ್ಳಲಿ.

ರೊಕ್ಕದ್ದು ಎರಡ ಮಾತು. ಮುಂಗಡ ದೊಡ್ಡದು ತಗೋಬ್ಯಾಡ ಅನ್ನು. ಅದು ತೀರೂತನಕ ಬ್ಯಾರೆ ಕಂಪನಿ ಕರದರೂ ಹೋಗಾಕ ಬರಂಗಿಲ್ಲ, ಮಳಗಾಲದಾಗ ಆಟ ನಿಂತಾಗ ಮತ್ತಷ್ಟು ಏರತೈತಿ. ಮುಂದ ಲಗ್ನಾಗಿ ಮಕ್ಕಳಾದ್ರ ಅವರ ಸಾಲಿ ಒಂದ ಊರಾಗಿರಲಿ. ಕ್ಯಾಂಪಿಗೊಮ್ಮೆ ಸಾಲಿ ಬದಲಿಸಿದ್ರ ಹುಡುಗರು ನಾಟಕದ ಡೈಲಾಗ ಅಷ್ಟ ಕಲೀತಾವು.

ಒಂದು ಡಬ್ಬಿ ಕೊಡಸು ಅವಗ. ಪ್ರತಿ ಕ್ಯಾಂಪಿನ ಹ್ಯಾಂಡ್‌ಬಿಲ್, ಪೇಪರಿನ ತುಣುಕು ಅದರಾಗ ಹಾಕಲಿ. ಮುಪ್ಪಿನಾಗ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕ ಅರ್ಜಿ ಹಾಕೂವಾಗ ಇಷ್ಟು ವರ್ಷ ದುಡದೀನಿ ಅನ್ನಾಕ ಅದ ಪುರಾವೆ. ಹ್ಯಾಂಡ್‌ಬಿಲ್ಲಿನ್ಯಾಗ ವಾರ, ತಾರೀಖು ಇರತಾವು, ಭಾಳ ಸಲ ವರ್ಷನ ಇರಂಗಿಲ್ಲ. ಅವತ್ತ ಪೆನ್ನಿನಿಂದ ವರ್ಷ, ಊರು, ಪಾತ್ರದ ಹೆಸರು ಬರದಿಡಬೇಕು.

ಬನದ ಹುಣ್ಣಿವಿಗಿ ಬನಶಂಕರಿ ಜಾತ್ರಿ ಬರತೈತಿ, ಸಾಲಾಗಿ ಕಂಪನಿ ಇಳದಿರತಾವು. ಕರಕೊಂಡು ಹೋಗು. ಒಂದ ನಾಟಕ ಎರಡು ರಾತ್ರಿ ನೋಡ್ರಿ, ಒಂದಿನ ಚಾಪಿ ಮ್ಯಾಲ, ಒಂದಿನ ಕಡೀ ಸಾಲಿನಾಗ. ಹಾಸ್ಯಗಾರನ್ನ ನೋಡಬ್ಯಾಡ, ಅವ ಸುಮ್ಮನ ನಿಂತಾಗ ಎಷ್ಟು ಹೊತ್ತು ನಿಲ್ಲತಾನ ಅನ್ನೂದನ್ನ ಎಣಸು ಅಂತ ಹೇಳು. ಎಣಕಿ ಏನ ಬಂತು ಬರದು ಕಳಸಲಿ.

ನಿನ್ನ ಗೆಳೆಯ,
ಗದಗ