ಖಾಲಿ ಸೀಟಿನ ವಿಚಾರ

ಸಿಂಧು,

ಕೊರಿಯಾದಿಂದ ನೀನು ಬರೆದ ಕಾಗದ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಓದು, ಹಾಸ್ಟೆಲ್ಲು, ಚಳಿ ಎಲ್ಲ ನಿಮ್ಮಮ್ಮ ಹೇಳಿದ್ದಾಳೆ, ಅದು ಬಿಡು. ಕೊನೆಯಲ್ಲಿ ಬರೆದಿದ್ದೀಯಲ್ಲ, ಬುಸಾನ್ ಮೆಟ್ರೋದಲ್ಲಿ ಜನ ನಿಂತಿದ್ದರೂ ನನ್ನ ಪಕ್ಕದ ಸೀಟು ಖಾಲಿಯೇ ಇರುತ್ತದೆ ಮಾವ, ನನ್ನ ಬಣ್ಣ ಕಂಡು ಹೇಸುತ್ತಾರಾ ಅಂತ. ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.

ನೀನು ಕೂತದ್ದು ಡಬ್ಬಿಯ ತುದಿಯ ಸೀಟುಗಳಲ್ಲಿ ಅಲ್ಲ ತಾನೇ? ಅವು ವಯಸ್ಸಾದವರಿಗೆ. ಖಾಲಿ ಇದ್ದರೂ ಅಲ್ಲಿನ ಹುಡುಗರು ಕೂರುವುದಿಲ್ಲ, ನಿಂತೇ ಹೋಗುತ್ತಾರೆ. ಆದರೆ ಇಷ್ಟು ಹೇಳಿ ನಿನ್ನ ಬಾಯಿ ಮುಚ್ಚಿಸಲಾರೆ. ಬಣ್ಣ ನೋಡಿ ಸರಿದು ಹೋಗುವವರೂ ಅಲ್ಲಿದ್ದಾರೆ. ಭೇದಭಾವ ತಡೆಯಲು ಒಂದು ಸಮಗ್ರ ಕಾನೂನು ಬೇಕು ಅಂತ 2007ರಿಂದ ಮಸೂದೆ ತರುತ್ತಲೇ ಇದ್ದಾರೆ, ಪಾಸಾಗಿಲ್ಲ. ಸುಮ್ನೆ ನಿನ್ನ ಭ್ರಮೆ ಅದು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ.

ಇನ್ನೊಂದು ಕಡೆಯೂ ಇದೆ. ನಾನು ಅಲ್ಲಿ ದುಡಿಯುತ್ತಿದ್ದಾಗ ಚಾಂಗ್‌ವನ್ ಕಾರ್ಖಾನೆಯಲ್ಲಿ ಪಕ್ಕದ ಲೇತ್‌ನಲ್ಲಿದ್ದ ಹುಡುಗ ಊಟಕ್ಕೆ ಬೇರೆ ಮೇಜು ಹುಡುಕಿಕೊಂಡು ಹೋಗುತ್ತಿದ್ದ. ನನಗೂ ನಿನಗೆ ಅನ್ನಿಸಿದ್ದೇ ಅನ್ನಿಸುತ್ತಿತ್ತು. ಎಷ್ಟೋ ದಿನದ ಮೇಲೆ ಅವನೇ ಹೇಳಿದ, ನೀನು ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ ಎಲ್ಲರೆದುರು ಮಾನ ಹೋಗುತ್ತದಲ್ಲ ಅಂತ ಹೆದರಿದ್ದೆ ಅಂತ. ಬುಸಾನ್ ಪಕ್ಕದ ಗಿಮ್ಹೆ ಊರಿನ ಕಿಮ್ ವಂಶದವನು ಅವನು. ಸುಮಾರು 2 ಸಾವಿರ ವರ್ಷದ ಹಿಂದೆ ಆಯುತ ಎಂಬ ದೇಶದಿಂದ ಹಡಗಿನಲ್ಲಿ ಬಂದ ರಾಜಕುಮಾರಿ ಅವರ ಮೂಲಪುರುಷ ಸುರೋ ರಾಜನನ್ನು ಮದುವೆಯಾದಳಂತೆ. ಅದು ನಮ್ಮ ಅಯೋಧ್ಯೆಯೇ ಅಂತ ಅವರಲ್ಲಿ ಬಹಳ ಜನ ನಂಬುತ್ತಾರೆ, ಹಲವು ಇತಿಹಾಸಕಾರರು ಒಪ್ಪುವುದಿಲ್ಲ. ಇವನಂತೂ ನನ್ನ ತಟ್ಟೆಗೆ ಮೂಲಂಗಿ ಬಡಿಸುತ್ತಾ ‘ನೀನು ನಮ್ಮ ಅಜ್ಜಿಯ ತೌರಿನವನು’ ಅಂದುಬಿಟ್ಟ.

ನಿಮ್ಮಮ್ಮ ಫೋನಿನಲ್ಲಿ ‘ಹುಳ ತಿನ್ನುವವರ ಮಧ್ಯೆ ಹೇಗಿದ್ದೀಯೋ’ ಅಂದಳಂತೆ. ಬೀದಿ ಗಾಡಿಯಲ್ಲಿ ಕಾಗದದ ಲೋಟಕ್ಕೆ ಹಾಕಿ ಮಾರುವ ಬೊಂಡೆಗಿ ಅದು, ರೇಷ್ಮೆ ಗೂಡಿನೊಳಗಿನ ಹುಳ. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ಫಿಲೇಚರ್ ಪಕ್ಕದಲ್ಲೇ ಬೆಳೆದವರು ನಾವು. ಗೂಡು ಬೇಯುವ ಆ ವಾಸನೆ ಅಲ್ಲಿ ಮೂಗಿಗೆ ಬಿದ್ದಾಗ ನನಗೆ ಕಣ್ಣಲ್ಲಿ ನೀರು ಬಂತು, ನಮ್ಮೂರಿನದೇ ವಾಸನೆ. ದೂರದಿಂದ ನೋಡಿದರೆ ನಾವೂ ಅವರ ಬಗ್ಗೆ ಹಾಗೇ ಆಡುತ್ತೇವೆ ಅಲ್ವಾ? ಈಗ ಇಲ್ಲಿನ ಮಕ್ಕಳು ಅವರ ಸೀರಿಯಲ್ಲು, ಹಾಡು ನೋಡಿ ಅಲ್ಲಿ ಎಲ್ಲವೂ ಚಂದ ಅಂದುಕೊಂಡಿದ್ದಾರೆ. ಅದೂ ದೂರದ ನೋಟವೇ. ನೀನು ಅಲ್ಲಿದ್ದು ನೋಡುತ್ತಿರುವವಳು.

ಮತ್ತೆ ಆ ಸೀಟಿಗೇ ಬರುತ್ತದೆ ಮನಸ್ಸು. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಮೊದಮೊದಲು ಊಟದ ತಟ್ಟೆ ಬಾಗಿಲಲ್ಲಿಟ್ಟು ಹೋಗಿಬಿಡುತ್ತಿದ್ದರು. ವಯಸ್ಸೆಷ್ಟು, ಅಪ್ಪ ಅಮ್ಮ ಇದ್ದಾರಾ, ಮದುವೆ ಯಾಕಾಗಿಲ್ಲ ಅಂತ ಕೇಳಿ ಮುಗಿಸಿದ ಮೇಲೆ ಪಕ್ಕದಲ್ಲೇ ಕೂತು ಕಿಮ್ಚಿಯನ್ನು ಕೈಯಲ್ಲೇ ಉದ್ದುದ್ದ ಸೀಳಿ ನನ್ನ ಅನ್ನದ ಮೇಲಿಡುತ್ತಿದ್ದರು. ಇಬ್ಬರಲ್ಲಿ ಯಾರು ದೊಡ್ಡವರು ಅಂತ ಗೊತ್ತಾಗದೆ ಅಲ್ಲಿನವರಿಗೆ ಹೇಗೆ ಮಾತಾಡಿಸಬೇಕು ಅಂತಲೇ ತಿಳಿಯುವುದಿಲ್ಲ, ಆದ್ದರಿಂದ ವಯಸ್ಸು ಕೇಳಿದರೆ ನೊಂದುಕೊಳ್ಳಬೇಡ. 1997ರ ಕೊನೆಗೆ ಅಲ್ಲಿ ಹಣಕಾಸು ಕುಸಿಯಿತು, ನಮ್ಮ ಕೆಲಸ ಹೋಯಿತು, ಅವಸರದಲ್ಲಿ ವಾಪಸ್ ಕಳಿಸಿದರು. ಅಜ್ಜಿ ಅವತ್ತು ಮಗಳ ಊರಿಗೆ ಹೋಗಿದ್ದರು. ಹೇಳಿ ಬರಲು ಆಗಲಿಲ್ಲ. ಮುಂದಿನ ಜನವರಿಯಲ್ಲಿ ದೇಶದ ಸಾಲ ತೀರಿಸಲು ಅಲ್ಲಿನ ಜನ ಸಾಲಾಗಿ ನಿಂತು ಉಂಗುರ, ಸರ ಕೊಟ್ಟರು ಅಂತ ಪೇಪರಿನಲ್ಲಿ ಓದಿದೆ. ಅವರ ಬೆರಳಿನ ಉಂಗುರವೂ ಹೋಯಿತಾ ಅಂತ ಈಗಲೂ ಅನ್ನಿಸುತ್ತದೆ. ಈ ಕೊರಗು ಹೋಗುವುದಿಲ್ಲ.

ಬುದ್ಧಿ ಹೇಳುವಷ್ಟು ಈಗಿನ ಕೊರಿಯಾ ನನಗೆ ಗೊತ್ತಿಲ್ಲವಮ್ಮ. ಆಗ ನಮ್ಮಂಥವರನ್ನು ಬೆರಳೆಣಿಕೆಯಲ್ಲಿ ಕಾಣುತ್ತಿದ್ದರು, 2023ರ ಕೊನೆಗೆ ಹೊರದೇಶದವರೇ ಅಲ್ಲಿ 25 ಲಕ್ಷ ದಾಟಿದ್ದಾರೆ. ಒಂದು ಭಾನುವಾರ ಸಾಸಾಂಗ್‌ನಲ್ಲಿ ಲೈಟ್ ರೈಲು ಹತ್ತಿ ಗಿಮ್ಹೆಗೆ ಹೋಗಿ ಆ ರಾಣಿಯ ಸಮಾಧಿ ನೋಡಿ ಬಾ, ಇಷ್ಟವಿದ್ದರೆ ಮಾತ್ರ. ಲ್ಯಾಬಿನವರು ಊಟಕ್ಕೆ ಕರೆದರೆ ಹೋಗು, ಕುಡಿಯದಿದ್ದರೂ ನಡೆಯುತ್ತದೆ. ಮೆಟ್ರೋದಲ್ಲಿ ಮಾತ್ರ ಜನ ಸರಿದರು ಅಂತ ನೀನೇ ಎದ್ದು ನಿಂತುಕೊಳ್ಳಬೇಡ. ಕೂತೇ ಇರು. ಯಾರಾದರೂ ಬಾಯಿಬಿಟ್ಟು ಅಂದರೆ, ಮೈಮೇಲೆ ಬಂದರೆ 112ಕ್ಕೆ ಫೋನ್ ಮಾಡು, ಆಮೇಲೆ ನನಗೆ ಮಾಡು. ಅಲ್ಲಿ ನಡುರಾತ್ರಿ ಆದರೆ ಇಲ್ಲಿ ಎಂಟೂವರೆ, ನಾನು ಎದ್ದೇ ಇರುತ್ತೇನೆ. ನಿಮ್ಮಮ್ಮನಿಗೆ ಈ ವಿಚಾರ ಹೇಳಿಲ್ಲ.

ನಿನ್ನ ಮಾವ