ರಸೀದಿ ಕೈಗೆ ಬಂದರೆ ಹೊಣೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ಹಳೆ ಕೈಗಡಿಯಾರವೊಂದನ್ನು ಕೊಂಡು, ಅದು ಕೊರಿಯರ್‌ನಲ್ಲೇ ಕಳೆದುಹೋಗಿ, ಇತ್ತ ದುಡ್ಡೂ ಇಲ್ಲ ಅತ್ತ ಗಡಿಯಾರವೂ ಇಲ್ಲ ಎಂದಾದ ಓದುಗರೊಬ್ಬರ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದಕ್ಕೆ ಇನ್ನೊಬ್ಬರು ಉತ್ತರವನ್ನೂ ಬರೆದಿದ್ದರು. ಮಾರಿದವರು ಪಾರ್ಸೆಲ್ಲನ್ನು ಕೌಂಟರಿನಲ್ಲಿ ಕೊಟ್ಟು ರಸೀದಿ ಪಡೆದರೆ ಅವರ ಕೆಲಸ ಮುಗಿಯಿತು, ಆಮೇಲಿನದ್ದು ಕೊಂಡವರ ಹಣೆಬರಹ ಅಂತ. ಒಂದು ಕಾಲದಲ್ಲಿ ನಾನೂ ಇದನ್ನೇ ಹೇಳುತ್ತಿದ್ದೆ. ಒಂದು ಖಾಲಿ ಡಬ್ಬಿ ನನ್ನ ಬಾಯಿ ಮುಚ್ಚಿಸಿತು.

ನನಗೆ ಹಳೆ ಕ್ಯಾಮೆರಾ ಲೆನ್ಸುಗಳ ಹುಚ್ಚು. ಕೊಳ್ಳುತ್ತೇನೆ, ಸ್ವಲ್ಪ ದಿನ ಬಳಸುತ್ತೇನೆ, ನನ್ನಂಥದೇ ಹುಚ್ಚಿರುವ ಇನ್ನೊಬ್ಬರಿಗೆ ಮಾರುತ್ತೇನೆ. ಅಂಗಡಿ ಇಲ್ಲ, ಬಿಲ್ ಇಲ್ಲ. ಫೋನಿನಲ್ಲೇ ಮಾತು, ಫೋನಿನಲ್ಲೇ ದುಡ್ಡು. ಹೀಗೆ ಒಮ್ಮೆ ಲೋಹದ ಮೈಯ ಭಾರದ ಲೆನ್ಸೊಂದನ್ನು ಮಾರಿದೆ. ಕೊರಿಯರ್ ಫಾರಂನಲ್ಲಿ ವಸ್ತುವಿನ ವಿವರ ಕೇಳುವ ಕಡೆ 'ಹಳೆ ಬಿಡಿಭಾಗ' ಅಂತ ಗೀಚಿದೆ. ಬೆಲೆಯ ಜಾಗದಲ್ಲಿ ಬಾಯಿಗೆ ಬಂದ ಸಣ್ಣ ಮೊತ್ತ. ನಿಜವಾದ ಬೆಲೆ ಬರೆದರೆ ವಿಮೆಗೆ ಜಾಸ್ತಿ ಕಟ್ಟಬೇಕಿತ್ತು. ಸುಮ್ನೆ ಯಾಕೆ ಖರ್ಚು ಅಂದುಕೊಂಡೆ. ಕೊಳ್ಳುವವರನ್ನು ಒಂದು ಮಾತು ಕೇಳಲೂ ಇಲ್ಲ.

ನಾಲ್ಕನೇ ದಿನ ಅವರ ಫೋನ್. "ಸರ್, ಡಬ್ಬಿ ಬಂದಿದೆ. ಒಳಗೆ ಬರೀ ಪೇಪರ್ ಇದೆ."

ನಿಜ ಹೇಳುತ್ತೇನೆ, ನನಗೆ ಮೊದಲು ಅನುಮಾನ ಬಂದದ್ದು ಅವರ ಮೇಲೆಯೇ. ಅವರಿಗೂ ನನ್ನ ಮೇಲೆ ಬಂದಿತ್ತು, ದನಿಯಲ್ಲೇ ಗೊತ್ತಾಗುತ್ತಿತ್ತು. ಇಬ್ಬರೂ 'ಸರ್' ಬಿಡದೆ ಕಾಲು ಗಂಟೆ ಜಗಳ ಆಡಿದೆವು. ಆಮೇಲೆ ಅವರು ಡಬ್ಬಿಯ ಫೋಟೋ ಕಳಿಸಿದರು. ತಳದಲ್ಲಿ ನಾನು ಅಂಟಿಸಿದ್ದ ಕಂದು ಟೇಪಿನ ಮೇಲೆ ಇನ್ನೊಂದು ಟೇಪು. ಬಣ್ಣ ಒಂಚೂರು ತಿಳಿ. ನನ್ನದು ಎರಡು ಬೆರಳಗಲ, ಅದು ಮೂರು ಬೆರಳಗಲ. ಒಂದು ಮೂಲೆಯಲ್ಲಿ ಟೇಪು ಎದ್ದಿತ್ತು, ಅದರಡಿ ಬ್ಲೇಡು ಎಳೆದ ಗೆರೆ ನೆಟ್ಟಗೆ ಕಾಣುತ್ತಿತ್ತು.

ನಮ್ಮಿಬ್ಬರ ಮಾನ ಉಳಿಸಿದ್ದು ತೂಕ. ಅದೂ ಸ್ವಲ್ಪದರಲ್ಲಿ ತಪ್ಪಿಹೋಗುತ್ತಿತ್ತು. ಕೊರಿಯರ್‌ನವರು ಯಾವಾಗಲೂ ತಕ್ಕಡಿಯ ತೂಕಕ್ಕೇ ಬಿಲ್ ಹಾಕುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಆ ಲೆಕ್ಕ ಮತ್ತು ತಕ್ಕಡಿಯ ಲೆಕ್ಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನನ್ನ ಡಬ್ಬಿ 30, 25, 20 ಸೆಂಟಿಮೀಟರ್. ಹಾಗಾಗಿ ರಸೀದಿಯಲ್ಲಿ ಅಚ್ಚಾಗಿದ್ದು 3 ಕಿಲೋ. ಲೆನ್ಸ್ ಇದ್ದರೂ 3 ಕಿಲೋ, ಖಾಲಿ ಡಬ್ಬಿಯಾದರೂ 3 ಕಿಲೋ! ಅಂಥ ರಸೀದಿ ಇಟ್ಟುಕೊಂಡು ಏನನ್ನು ಸಾಬೀತು ಮಾಡುವುದು? ನನ್ನ ಪುಣ್ಯಕ್ಕೆ ಕೌಂಟರಿನ ಹುಡುಗ ತಕ್ಕಡಿಯಲ್ಲಿ ಕಂಡದ್ದನ್ನೂ ಪಕ್ಕದಲ್ಲಿ ಪೆನ್ನಿನಲ್ಲಿ ಬರೆದಿದ್ದ: 1 ಕಿಲೋ 640 ಗ್ರಾಂ. ಕಾಡಿ ಬೇಡಿ ಎರಡನೇ ಗೋದಾಮಿನ ದಾಖಲೆ ತರಿಸಿದೆವು. ಅಲ್ಲಿ ಯಂತ್ರ ತೂಗಿದ್ದು 720 ಗ್ರಾಂ. ಲೆನ್ಸ್ ಇಳಿದುಹೋಗಿದ್ದು ಆ ನಡುವೆಯೇ. ನಾನು ಕಳಿಸಿದ್ದೂ ನಿಜ, ಅವರ ಕೈ ಸೇರದಿದ್ದದ್ದೂ ನಿಜ.

ಇಷ್ಟಾದ ಮೇಲೆ ಪರಿಹಾರ ಸಿಗಬೇಕಲ್ವಾ? ಸಿಕ್ಕಿತು, ನಾನು ಫಾರಂನಲ್ಲಿ ಬರೆದಿದ್ದ ಆ ಸಣ್ಣ ಮೊತ್ತ. "ಬಿಡಿಭಾಗ ಅಂತ ನೀವೇ ಬರೆದಿದ್ದೀರಲ್ಲ ಸರ್" ಎಂದರು. ಸಿಟ್ಟು ಬಂತು. ಆದರೆ ಕೈಬರಹ ನನ್ನದೇ.

ಸಾಗಿಸುವವರು ವಸ್ತುವಿನ ಪೂರ್ತಿ ಬೆಲೆ ತುಂಬಿಕೊಡುತ್ತಾರೆ ಎಂಬ ನಂಬಿಕೆ ಎಷ್ಟು ಪೊಳ್ಳು ಅಂತ ಗೊತ್ತಾಗಿದ್ದೇ ಆಗ. ದೇಶದಿಂದ ದೇಶಕ್ಕೆ ವಿಮಾನದಲ್ಲಿ ಹೋಗುವ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದ ಇದೆ. ಅದರ ಪ್ರಕಾರ ಪರಿಹಾರದ ಮಿತಿ ಈಗ ಕಿಲೋಗೆ 26 ಎಸ್‌ಡಿಆರ್. ಗಡಿ ದಾಟುವ ಲಾರಿ ಸಾಗಣೆಗೆ ಯುರೋಪಿನಲ್ಲಿ ಶುರುವಾದ 1956ರ ಸಿಎಂಆರ್ ಒಪ್ಪಂದದಲ್ಲಿ, 1978ರ ತಿದ್ದುಪಡಿಯ ನಂತರ, ಕಿಲೋಗೆ 8.33. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಡಾಲರ್, ಯೂರೋ, ಯುವಾನ್, ಯೆನ್, ಪೌಂಡ್ ಐದನ್ನೂ ಸೇರಿಸಿ ಅದರ ಬೆಲೆ ಕಟ್ಟುತ್ತಾರೆ. ಈಗ 100 ಗ್ರಾಂ ತೂಗುವ ಕೈಗಡಿಯಾರವನ್ನು ಲಾರಿಯ ಲೆಕ್ಕಕ್ಕೆ ಹಾಕಿ ನೋಡಿ. ಒಂದು ಎಸ್‌ಡಿಆರ್ ಕೂಡ ಆಗುವುದಿಲ್ಲ. ಅಜ್ಜನ ಗಡಿಯಾರವೂ ಒಂದೇ, ಅಷ್ಟೇ ತೂಕದ ಮೊಳೆಯೂ ಒಂದೇ. ಬೆಲೆಯನ್ನು ಮೊದಲೇ ಘೋಷಿಸಿ, ಅದಕ್ಕೆ ಬೇರೆ ಶುಲ್ಕ ಕಟ್ಟಿದ್ದರೆ ಈ ಮಿತಿ ಮೇಲೇರುತ್ತದೆ. ದೇಶದೊಳಗಿನ ಕೊರಿಯರ್ ಷರತ್ತುಗಳ ಧಾಟಿಯೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಜೊತೆಗೆ ನಗದು, ಒಡವೆ, ಹರಳುಗಳಂಥವನ್ನು ತೆಗೆದುಕೊಳ್ಳುವುದೇ ಇಲ್ಲ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಎಲ್ಲೋ ಇರುತ್ತದೆ. ಮುಚ್ಚಿಟ್ಟು ಕಳಿಸಿದರೆ ಕೇಳುವವರಿಲ್ಲ.

ಹಾಗಾದರೆ ನಷ್ಟ ಮಾರಿದವರದೋ ಕೊಂಡವರದೋ? ಉತ್ತರ ಬರೆದ ಓದುಗರ ಪರ ಒಂದು ಮಾತು ಹೇಳಲೇಬೇಕು. ಹಳೆಯ ಕಾನೂನುಗಳು ಬಹುಪಾಲು ಅವರ ಕಡೆಗೇ ಇವೆ. ಸಾಗಿಸುವವರ ಕೈಗೆ ಕೊಟ್ಟರೆ ಕೊಂಡವರಿಗೇ ಕೊಟ್ಟಂತೆ ಎಂಬ ತತ್ವ ಬ್ರಿಟನ್ನಿನ 1893ರ ಸರಕು ಮಾರಾಟ ಕಾಯ್ದೆಯಲ್ಲೇ ಇತ್ತು. ಅದನ್ನು ನೋಡಿ ಬರೆದ ಎಷ್ಟೋ ದೇಶಗಳ ಕಾನೂನಿಗೂ ಬಂತು. ಜರ್ಮನಿಯ ನಾಗರಿಕ ಸಂಹಿತೆಯ 447ನೇ ಕಲಮು ಹೇಳುವುದೂ ಸುಮಾರು ಇದನ್ನೇ. ಅಂಗಡಿಯವರು ಗ್ರಾಹಕರಿಗೆ ಕಳಿಸುವಾಗ ಮಾತ್ರ ಲೆಕ್ಕ ತಿರುಗಿದೆ. ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ ವಸ್ತು ಗ್ರಾಹಕರ ಕೈ ಸೇರುವವರೆಗೂ ಹೊಣೆ ವ್ಯಾಪಾರಿಯದು. ನಾನು, ನೀವು ಮನೆಯಿಂದ ಒಂದೊಂದು ವಸ್ತು ಮಾರುವವರು ವ್ಯಾಪಾರಿಗಳಲ್ಲವಲ್ಲ, ಆ ರಕ್ಷಣೆ ನಮ್ಮಿಂದ ಕೊಂಡವರಿಗೆ ಇಲ್ಲ.

ಆದರೆ ಅದೇ 1893ರ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ. ಅದನ್ನು ಯಾರೂ ಎತ್ತುವುದಿಲ್ಲ. ಕಳಿಸುವ ವಸ್ತು ಎಂಥದ್ದು ಎಂದು ನೋಡಿ, ಅದಕ್ಕೆ ತಕ್ಕ ಹಾಗೆ ಮಾರಿದವರು ಸಾಗಣೆಯ ಒಪ್ಪಂದ ಮಾಡಿಕೊಳ್ಳಬೇಕು. ಮಾಡಿಕೊಳ್ಳದೆ ದಾರಿಯಲ್ಲಿ ಕಳೆದರೆ 'ಇದು ನನಗೆ ಕೊಟ್ಟಂತಲ್ಲ' ಎಂದು ಕೊಂಡವರು ಹೇಳಬಹುದು. 'ಹಳೆ ಬಿಡಿಭಾಗ' ಅಂತ ಗೀಚಿದ ನಾನು ಇದನ್ನು ಓದಿ ಪೆಚ್ಚಾದೆ. ಪೂರ್ತಿ ದುಡ್ಡು ವಾಪಸ್ ಕೊಟ್ಟೆ. ಅವರು ಅರ್ಧ ಸಾಕು ಎಂದಿದ್ದರು, ಪಾಪ.

ನನ್ನ ಅಭಿಪ್ರಾಯ ಇಷ್ಟೇ. ಕೊರಿಯರ್ ಆರಿಸಿದವರು ಯಾರೋ ಹೊಣೆ ಅವರದು. ಡಬ್ಬಿ ಕಟ್ಟಿದ್ದು, ಫಾರಂ ತುಂಬಿದ್ದು, ಬೆಲೆ ಬರೆದದ್ದು ಎಲ್ಲ ಮಾರಿದವರು. ಕೊಂಡವರ ಕೈಯಲ್ಲಿ ಇರುವುದು ಒಂದು ಟ್ರ್ಯಾಕಿಂಗ್ ನಂಬರ್ ಅಷ್ಟೇ. ಕೊಂಡವರು 'ನಾನು ಹೇಳಿದ ಕೊರಿಯರ್‌ನಲ್ಲೇ ಕಳಿಸಿ' ಅಂದರೆ, ಅಥವಾ 'ವಿಮೆ ಗಿಮೆ ಬೇಡ ಸರ್' ಅಂದರೆ, ಆಗ ಹೊಣೆ ಅವರ ಹೆಗಲಿಗೆ. ಯುರೋಪಿನ ಆ ನಿರ್ದೇಶನದಲ್ಲೂ ಗ್ರಾಹಕರೇ ತಮ್ಮ ಕಡೆಯ ಸಾಗಣೆದಾರರನ್ನು ಗೊತ್ತುಮಾಡಿದ್ದರೆ ವ್ಯಾಪಾರಿಗೆ ವಿನಾಯಿತಿ ಇದೆ.

ವಿಮೆಗೆ ಕೈ ಹಿಂದೆಗೆಯುವವರಿಗೆ ಹೋಪ್ ವಜ್ರದ ಕತೆ ಹೇಳಬೇಕು. 1958ರಲ್ಲಿ ವಜ್ರದ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಅದನ್ನು ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿದ್ದು ರಿಜಿಸ್ಟರ್ಡ್ ಅಂಚೆಯಲ್ಲಿ, ಕಂದು ಕಾಗದ ಸುತ್ತಿದ ಡಬ್ಬಿಯಲ್ಲಿ. ಖರ್ಚು ಒಟ್ಟು 145.29 ಡಾಲರ್. ಅದರಲ್ಲಿ ಅಂಚೆ ವೆಚ್ಚ 2.44 ಡಾಲರ್. ಮಿಕ್ಕಿದ್ದೆಲ್ಲ 10 ಲಕ್ಷ ಡಾಲರಿನ ವಿಮೆಗೆ!

ಪ್ಯಾಕ್ ಮಾಡುವಾಗ ವಿಡಿಯೋ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ವಿಡಿಯೋಕ್ಕಿಂತ ಅವರದೇ ತಕ್ಕಡಿಯ ತೂಕ ಗಟ್ಟಿ. ರಸೀದಿಯಲ್ಲಿ ನಿಜವಾದ ತೂಕ ಬರೆಸಿಕೊಳ್ಳದೆ ಕೌಂಟರ್ ಬಿಡಬೇಡಿ. ಪಡೆಯುವವರು ಸಹಿ ಹಾಕುವ ಮೊದಲು ಡಬ್ಬಿಯ ತಳ ತಿರುಗಿಸಿ ನೋಡಲಿ, ಟೇಪಿನ ಮೇಲೆ ಕೈ ಆಡಿಸಲಿ. ನಾನಂತೂ ಈಗ ದುಡ್ಡು ಪಡೆಯುವ ಮೊದಲೇ ಒಂದು ಸಂದೇಶ ಕಳಿಸುತ್ತೇನೆ: 'ಪೂರ್ತಿ ಬೆಲೆಗೆ ವಿಮೆ ಮಾಡಿಸಿ ಕಳಿಸುತ್ತೇನೆ, ಅದರ ಖರ್ಚು ನಿಮ್ಮದು. ಕೈ ಸೇರುವವರೆಗೆ ಹೊಣೆ ನನ್ನದು. ವಿಮೆ ಬೇಡವಾದರೆ, ಕಳೆದರೆ ನಷ್ಟ ನಿಮ್ಮದೇ ಅಂತ ಒಪ್ಪಿ ಬರೆದು ತಿಳಿಸಿ.' ಬಾಯಲ್ಲಿ ಬೇಡ ಎನ್ನುವವರು ಬಹಳ. ಬರೆದುಕೊಡಿ ಅಂದ ಕೂಡಲೇ ಹೆಚ್ಚಿನವರು ವಿಮೆಗೆ ಒಪ್ಪುತ್ತಾರೆ.

ಗಡಿಯಾರ ಕಳೆದುಕೊಂಡ ಓದುಗರಿಗೆ ಒಂದು ಮಾತು. ಮಾರಿದವರ ಜೊತೆ ಜಗಳ ಆಮೇಲೆ ಆಡಬಹುದು, ಮೊದಲು ಅವರ ಬುಕಿಂಗ್ ಫಾರಂನ ಪ್ರತಿ ತರಿಸಿಕೊಳ್ಳಿ. ಅದರಲ್ಲಿ ಏನು ಬರೆದಿದ್ದಾರೆ, ಎಷ್ಟು ಬೆಲೆ ಹಾಕಿದ್ದಾರೆ ನೋಡಿ. ಒಪ್ಪಂದ ಇರುವುದು ಅವರ ಹೆಸರಿನಲ್ಲಿ, ಹಾಗಾಗಿ ಅವರಿಂದಲೇ ಲಿಖಿತ ದೂರು ಕೊಡಿಸಿ, ನಕಲು ನೀವು ಇಟ್ಟುಕೊಳ್ಳಿ. ದೂರಿಗೆ ಗಡುವು ಇರುತ್ತದೆ, ಕೆಲವು ಕಡೆ ಬೆರಳೆಣಿಕೆಯ ದಿನಗಳು ಮಾತ್ರ. ನಿಮ್ಮ ಪತ್ರ ಅಚ್ಚಾಗಿಯೇ ಒಂದು ವಾರವಾಯಿತು. ನಾಳೆಗೆ ಇಡಬೇಡಿ.

ಇಂತಿ,
ನಿಮ್ಮ ಓದುಗ