ಎಚ್‌ಟಿ–2 ಮತ್ತೆ ಹಾರಲಿ

ಮಾನ್ಯರೇ,

ನಮ್ಮ ನೆಲದಲ್ಲೇ ವಿನ್ಯಾಸಗೊಂಡ ಎಚ್‌ಟಿ–2 ತರಬೇತಿ ವಿಮಾನವನ್ನು ಇಂದು ಹೆಚ್ಚಾಗಿ ವಸ್ತುಸಂಗ್ರಹಾಲಯಗಳಲ್ಲೇ ನೋಡಬೇಕಾಗಿರುವುದು ಬೇಸರದ ಸಂಗತಿ. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡ ಈ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲು ಹಾರಿತು. ಸ್ವಾತಂತ್ರ್ಯ ಬಂದು ಆಗಿನ್ನೂ ನಾಲ್ಕೇ ವರ್ಷ! ಹಿಂದೆ ಮುಂದೆ ಎರಡು ಆಸನ, 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್, ಬಾಲದಡಿ ಪುಟ್ಟ ಚಕ್ರ. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಇದರಲ್ಲೇ. ಘಾನಾ ದೇಶವೂ ಇದನ್ನು ಕೊಂಡಿತ್ತು.

ಅದೇ ಕಾಲದ ಚಿಪ್‌ಮಂಕ್ ತರಬೇತಿ ವಿಮಾನವನ್ನು ನೋಡಿ. 1946ರಲ್ಲಿ ಕೆನಡಾದಲ್ಲಿ ಮೊದಲು ಹಾರಿದ ಅದು ಬ್ರಿಟನ್ ವಾಯುಪಡೆಯ ಸೇವೆ ಮುಗಿಸಿದ ಮೇಲೆ ಗುಜರಿ ಸೇರಲಿಲ್ಲ. ಖಾಸಗಿ ಆಸಕ್ತರು, ಕ್ಲಬ್‌ಗಳು ಕೊಂಡುಕೊಂಡರು. ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳನ್ನು ಎಳೆಯುವುದಕ್ಕೆ, ಕಸರತ್ತಿನ ಹಾರಾಟಕ್ಕೆ, ಸುಮ್ಮನೆ ಹಾರುವ ಖುಷಿಗೆ ಅದು ಈಗಲೂ ಬಳಕೆಯಲ್ಲಿದೆ. ಹಳೆಯ ವಿಮಾನ ಉಳಿಯುವುದು ಹೀಗೆ, ಹಾರಿಸುವವರ ಮತ್ತು ರಿಪೇರಿ ಬಲ್ಲವರ ಕೈಯಲ್ಲಿ.

ಎಂಜಿನ್ನಿನ ಬಿಡಿಭಾಗ ಹೊಂದಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ನಮ್ಮ ವಾಯುಪಡೆ ಹಳೆಯ ಟೈಗರ್ ಮಾತ್ ವಿಮಾನವನ್ನು ದುರಸ್ತಿ ಮಾಡಿಸಿ 2012ರಲ್ಲಿ ಮತ್ತೆ ಹಾರಿಸಿತಲ್ಲ! ಬ್ರಿಟಿಷರ ವಿಮಾನಕ್ಕೆ ಸಿಕ್ಕ ಆರೈಕೆ ನಮ್ಮದೇ ವಿಮಾನಕ್ಕೇಕೆ ಬೇಡ? ಎಚ್‌ಎಎಲ್, ವಾಯುಪಡೆ, ಫ್ಲೈಯಿಂಗ್ ಕ್ಲಬ್‌ಗಳು ಕೈಜೋಡಿಸಿ ಒಂದು ಎಚ್‌ಟಿ–2ಯನ್ನಾದರೂ ನಾಗರಿಕ ನೋಂದಣಿಯಡಿ ಹಾರುವಂತೆ ಮಾಡಬೇಕು. ಯಲಹಂಕದ ಏರೋ ಇಂಡಿಯಾದಲ್ಲಿ ಮಕ್ಕಳು ಅದರ ಹಾರಾಟ ನೋಡುವಂತಾಗಲಿ.

— ವಿಮಾನಾಸಕ್ತ ಓದುಗ, ಬೆಂಗಳೂರು